ಶನಿವಾರದ ಪ್ರತಿ

ಹುಬ್ಬಳ್ಳಿಯ ಒಂದು ಬ್ಲಡ್ ಬ್ಯಾಂಕಿನಲ್ಲಿ ನಾನು ಹದಿಮೂರು ವರ್ಷ ಕಂಪ್ಯೂಟರ್ ಮುಂದೆ ಕುಳಿತು ಕೆಲಸ ಮಾಡಿದೆ. ತೊಂಬತ್ತರ ದಶಕದ ನಡುವಿನಲ್ಲಿ ಸೇರಿದಾಗ ನನಗೆ ಇಪ್ಪತ್ತೊಂಬತ್ತು ವರ್ಷ. ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದು, ಕಮರಿಪೇಟೆಯ ಅಣ್ಣನ ಮನೆಯಲ್ಲಿ ಆರು ತಿಂಗಳು ಇದ್ದೆ. ಅಲ್ಲಿಂದಲೇ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಕಲಿತೆ. ಕೆಲಸ ಸಿಕ್ಕ ತಿಂಗಳೇ ಗೋಪನಕೊಪ್ಪದಲ್ಲಿ ಒಂದು ಖೋಲಿ ಬಾಡಿಗೆ ಹಿಡಿದೆ. ಅಣ್ಣ ಬೇಡವೆನ್ನಲಿಲ್ಲ. ಗ್ಯಾಸಿನ ಒಲೆ ಹೊತ್ತು ತಂದಿಟ್ಟು, ನಲ್ಲಿ ತಿರುಗಿಸಿ ನೀರು ಬರುತ್ತದೋ ಇಲ್ಲವೋ ನೋಡಿ, ಹೊರಟುಹೋದ.

ನನ್ನ ಕೆಲಸ ರಕ್ತ ಕೊಡುವವರ ಪಟ್ಟಿಯನ್ನು ನೋಡಿಕೊಳ್ಳುವುದು. ಹೆಸರು, ವಯಸ್ಸು, ಗ್ರೂಪ್, ಓಣಿ, ಫೋನ್, ಕೊನೆಗೆ ಯಾವತ್ತು ಕೊಟ್ಟರು ಎನ್ನುವುದು. ಯಾರಿಗಾದರೂ ರಕ್ತ ಬೇಕಾಗಿ ನಮ್ಮ ಫ್ರಿಜ್ಜಿನಲ್ಲಿ ಆ ಗ್ರೂಪ್ ಇಲ್ಲದಿದ್ದರೆ ಪಟ್ಟಿಯಲ್ಲಿ ಹುಡುಕಿ ನಾನೇ ಫೋನ್ ಮಾಡಬೇಕು. "ಬ್ಲಡ್ ಬ್ಯಾಂಕಿನಿಂದ ಮಾತಾಡಾಕತ್ತೇನ್ರಿ, ಸ್ವಲ್ಪ ಬಂದ್ ಹೋಗ್ತೀರೇನ್ರಿ?" ಕೆಲವು ದಿನ ನಾನು ಇನ್ನೊಬ್ಬರೊಡನೆ ಆಡಿದ ಮಾತು ಅಷ್ಟೇ ಇರುತ್ತಿತ್ತು.

ನಮ್ಮ ಡಾಕ್ಟರು ವಯಸ್ಸಾದವರು, ಕಡಿಮೆ ಮಾತಿನವರು. ಹಿಂದೆ ಪಟ್ಟಿ ರಜಿಸ್ಟರಿನಲ್ಲಿದ್ದಾಗ ಒಂದು ಮಳೆಗಾಲ ಕಪಾಟಿಗೆ ಒರಲಿ ಹುಳ ಹತ್ತಿ ಅರ್ಧ ಹೆಸರುಗಳು ಮಣ್ಣಾಗಿದ್ದವಂತೆ. ಆ ಹೆದರಿಕೆ ಅವರಿಗೆ ಹೋಗಿರಲಿಲ್ಲ. ಸೇರಿದ ವಾರವೇ ನನ್ನನ್ನು ಕರೆದು ಹೇಳಿದರು:

"ನೋಡು ತಂಗಿ, ಪಟ್ಟೀದು ಮೂರು ಪ್ರತಿ ಮಾಡು. ಒಂದು ಇಲ್ಲಿರಲಿ. ಒಂದು ನಿನ್ನ ಮನ್ಯಾಗ ಇರಲಿ. ಒಂದು ಧಾರವಾಡದಾಗ ಅಕ್ಕೋರ ಕಡೆ ಇಟ್ಟು ಬಾ. ಇಲ್ಲಿ ಏನರ ಆದ್ರೂ ಅಲ್ಲಿ ಉಳೀತದ."

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎಂದೇ ಕರೆಯುವುದು. ಇವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಬ್ಲಡ್ ಬ್ಯಾಂಕ್ ನಡೆಸುತ್ತಿದ್ದ ಟ್ರಸ್ಟಿನ ಸದಸ್ಯೆ. ಮದುವೆಯಾಗಿರಲಿಲ್ಲ. ಮಾಳಮಡ್ಡಿಯಲ್ಲಿ ಎರಡು ಕೋಣೆಯ ಹಂಚಿನ ಮನೆಯಲ್ಲಿ ಒಬ್ಬರೇ ಇರುತ್ತಿದ್ದರು.

ಹೀಗೆ ನನ್ನ ಶನಿವಾರಗಳು ಶುರುವಾದವು. ಶುಕ್ರವಾರ ಮಧ್ಯಾಹ್ನ ಪಟ್ಟಿಯನ್ನು ಫ್ಲಾಪಿಗಳಿಗೆ ಇಳಿಸುತ್ತಿದ್ದೆ. ಒಂದು ಪ್ರತಿಗೆ ಆರು ಫ್ಲಾಪಿ. ಮೂರು ಪ್ರತಿ ಮುಗಿಯುವಷ್ಟರಲ್ಲಿ ಸಂಜೆಯ ಚಹಾದ ಹೊತ್ತು. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ, ಆರು ಫ್ಲಾಪಿಗಳನ್ನು ಬಟ್ಟೆಯಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿಟ್ಟುಕೊಂಡು ಧಾರವಾಡದ ಬಸ್ಸು ಹತ್ತುತ್ತಿದ್ದೆ. ಬಸ್ಸಿನಲ್ಲಿ ಹಾಡು ಹಾಕುವ ದೊಡ್ಡ ಸ್ಪೀಕರ್ ಇದ್ದರೆ ಅದರಿಂದ ದೂರ ಕೂರುತ್ತಿದ್ದೆ. ಅದರೊಳಗಿನ ಅಯಸ್ಕಾಂತಕ್ಕೆ ಫ್ಲಾಪಿ ಅಳಿಸಿಹೋಗುತ್ತದೆ ಎಂದು ಕ್ಲಾಸಿನಲ್ಲಿ ಹೇಳಿದ್ದರು.

ಮೊದಲ ತಿಂಗಳುಗಳಲ್ಲಿ ಅಕ್ಕೋರು ನನ್ನನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದರು. ಹೊಸ ಆರನ್ನು ಎಣಿಸಿ ತೆಗೆದುಕೊಂಡು, ಹೋದ ವಾರದ ಆರನ್ನು ವಾಪಸ್ಸು ಕೊಡುವುದು. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಎಷ್ಟು ಫ್ಲಾಪಿ, ಕೊಟ್ಟವರ ಸಹಿ. ಕೊನೆಯ ಕಾಲಮ್ಮಿನಲ್ಲಿ 'ಓದಿ ನೋಡಿದೆ' ಎಂದು ನಾನೇ ಬರೆಯಬೇಕು. ಅಂದರೆ ಇಳಿಸಿದ ಮೇಲೆ ಫ್ಲಾಪಿಯನ್ನು ಮತ್ತೆ ಕಂಪ್ಯೂಟರಿಗೆ ಹಾಕಿ, ಹೆಸರುಗಳು ಸರಿಯಾಗಿ ಕಾಣುತ್ತವೋ ಇಲ್ಲವೋ ಪರೀಕ್ಷಿಸಿದ್ದೇನೆ ಎಂದು.

ಇನ್ನೊಂದು ನಿಯಮವನ್ನು ಅವರೇ ಮಾಡಿದರು. ತಿಂಗಳ ಕೊನೆಯ ಶನಿವಾರದ ಪ್ರತಿಯನ್ನು ವಾಪಸ್ಸು ಕೊಡುತ್ತಿರಲಿಲ್ಲ, ಕಪಾಟಿನಲ್ಲಿ ಹಾಗೇ ಇಡುತ್ತಿದ್ದರು. ಅಷ್ಟೊಂದು ಹಳೆಯದು ಯಾಕೆಂದು ನಾನು ಕೇಳಿದಾಗ, "ಹೊಸಾದು ಕೆಟ್ಟಿದ್ರ? ಕೆಟ್ಟದ್ದರದs ಮೂರು ಪ್ರತಿ ಮಾಡಿದ್ರ ಏನು ಉಪಯೋಗ?" ಎಂದರು. ತರಗತಿಯಲ್ಲಿ ದಡ್ಡ ಪ್ರಶ್ನೆ ಕೇಳಿದವಳಂತೆ ನಾನು ತಲೆ ತಗ್ಗಿಸಿದೆ.

ಒಂದು ಮಳೆಯ ಶನಿವಾರ ನಾನು ಪೂರ್ತಿ ತೊಯ್ದು ಹೋದಾಗ ಅವರು ಮೊದಲ ಸಲ ಒಳಗೆ ಕರೆದರು. ಮೊದಲು ಡಬ್ಬಿ ತೆರೆದು ಫ್ಲಾಪಿ ಒಣಗಿವೆಯೇ ನೋಡಿದರು, ಆಮೇಲೆ ನನಗೆ ಟವೆಲ್ ಕೊಟ್ಟರು. ಚಹಾ ಮಾಡಿದರು, ಅವಲಕ್ಕಿ ಹಚ್ಚಿ ಕೊಟ್ಟರು. ಗೋಡೆಯ ಹತ್ತಿರ ಸ್ಟೂಲಿನ ಮೇಲೆ ಫೋನ್ ಇತ್ತು. ಅದರ ಮೇಲೊಂದು ಕಸೂತಿ ಹಾಕಿದ ಬಟ್ಟೆ.

"ನಂದು ಓ ನೆಗೆಟಿವ್," ಎಂದರು ಇದ್ದಕ್ಕಿದ್ದಂತೆ. "ಮೂವತ್ತು ವರ್ಷ ಯಾರು ಕರದ್ರೂ ಹೋಗೇನಿ. ಸಾಲ್ಯಾಗ ಪಾಠ ಅರ್ಧಕ್ಕ ಬಿಟ್ಟು ಹೋಗೇನಿ. ಅರವತ್ತಾತು, ನಿಯಮ ಅಂತ ನಿಲ್ಲಿಸಿದ್ರು. ಫೋನ್ ಬರೂದೂ ನಿಂತುಬಿಡ್ತು."

ನಾನು ಚಹಾ ಕುಡಿದೆ. ಅವರ ಹೆಸರು ಪಟ್ಟಿಯಲ್ಲಿ ಇದ್ದದ್ದು ನನಗೆ ಗೊತ್ತಿತ್ತು. ಅದರ ಮುಂದೆ 'ವಯೋಮಿತಿ ಮೀರಿದೆ' ಎಂದು ಬರೆದವಳೇ ನಾನು.

ಆ ದಿನದಿಂದ ಒಳಗೆ ಕೂರುವುದು ರೂಢಿಯಾಯಿತು. ಆದರೂ ಗೆಳೆತನ ಎನ್ನುವಂಥದ್ದೇನೂ ಇರಲಿಲ್ಲ. ಚಹಾ ಮುಗಿದ ಕೂಡಲೇ ಅವರು ಗಡಿಯಾರ ನೋಡುತ್ತಿದ್ದರು, ನಾನು ಏಳುತ್ತಿದ್ದೆ. ಭಾನುವಾರ ಗೋಪನಕೊಪ್ಪದ ಖೋಲಿಯಲ್ಲಿ ಬಟ್ಟೆ ಒಗೆದು, ಒಂದು ಹೊತ್ತಿಗಷ್ಟೇ ಅಡುಗೆ ಮಾಡಿ, ಮಲಗಿಬಿಡುತ್ತಿದ್ದೆ. ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮೂರನೆಯ ಪ್ರತಿ ಇರುತ್ತಿತ್ತು. ನನಗೇನಾದರೂ ಆದರೆ ಅದನ್ನು ಹುಡುಕಿಕೊಂಡಾದರೂ ಯಾರಾದರೂ ಬಂದು ಬಾಗಿಲು ತಟ್ಟುತ್ತಾರೆ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು.

ಮೂರನೆಯ ವರ್ಷಕ್ಕೆ ನಾನು ಓದಿ ನೋಡುವುದನ್ನು ಬಿಟ್ಟೆ. ಬೇಕೆಂದು ಬಿಟ್ಟದ್ದಲ್ಲ. ಒಂದು ಶುಕ್ರವಾರ ತಲೆನೋವಿತ್ತು, ಬಿಟ್ಟೆ. ಮುಂದಿನ ಶುಕ್ರವಾರ ತಲೆನೋವೂ ಇರಲಿಲ್ಲ. ಹದಿನೆಂಟು ಫ್ಲಾಪಿಗಳನ್ನು ಒಂದೊಂದಾಗಿ ಹಾಕಿ ತೆಗೆಯುವುದು ಬೇಸರದ ಕೆಲಸ, ಮಾಡಿದರೂ ಬಿಟ್ಟರೂ ನೋಡುವವರು ಯಾರೂ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಮಾತ್ರ ಪ್ರತಿ ಶನಿವಾರ 'ಓದಿ ನೋಡಿದೆ' ಎಂದು ದುಂಡಗೆ ಬರೆಯುತ್ತಿದ್ದೆ.

ಆ ವರ್ಷದ ಮೇ ತಿಂಗಳಲ್ಲಿ ಒಂದು ಭಾನುವಾರ ಗುಡುಗು ಸಿಡಿಲಿನ ದೊಡ್ಡ ಮಳೆಯಾಯಿತು. ಸೋಮವಾರ ಬೆಳಿಗ್ಗೆ ಹೋದರೆ ಕಂಪ್ಯೂಟರ್ ಏಳಲಿಲ್ಲ. ಸುಟ್ಟ ವಾಸನೆ ಬರುತ್ತಿತ್ತು. ಮಂಗಳವಾರ ರಿಪೇರಿಯವರು ಬೇರೊಂದು ಕಂಪ್ಯೂಟರ್ ತಂದು ಜೋಡಿಸಿದರು. ಆಫೀಸಿನ ಕಪಾಟಿನ ಪ್ರತಿಯನ್ನು ಹಾಕಿದೆ. ಮೊದಲ ಫ್ಲಾಪಿಯೇ ಕರಕರ ಸದ್ದು ಮಾಡಿ ನಿಂತಿತು. ಎರಡನೆಯದೂ ಹಾಗೆಯೇ. ಖೋಲಿಗೆ ಓಡಿ ಟ್ರಂಕಿನ ಪ್ರತಿ ತಂದೆ. ಅದೂ ಬರಲಿಲ್ಲ.

ರಿಪೇರಿಯವರು ಹಳೆಯ ಕಂಪ್ಯೂಟರಿನ ಫ್ಲಾಪಿ ಡ್ರೈವನ್ನು ಬಿಚ್ಚಿ ತಿರುಗಿಸಿ ನೋಡಿದರು. "ಇದರ ಹೆಡ್ ಭಾಳ ದಿನದ ಹಿಂದs ಜರುಗೈತ್ರಿ," ಎಂದರು. "ತಾ ಬರದದ್ದು ತಾನಷ್ಟ ಓದತಿತ್ತು, ಬ್ಯಾರೆ ಮಷೀನಿಗೆ ತಿಳಿಯಂಗಿಲ್ಲ. ಈಗ ಇದೂ ಸುಟ್ಟೈತಿ."

ಮೂರೂ ಕಡೆಯ ಮೂರೂ ಪ್ರತಿ ಇದೇ ಒಂದು ಡ್ರೈವಿನಿಂದ ಬರೆದವು. ಡಾಕ್ಟರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. "ಅಕ್ಕೋರ ಕಡೆ ಹಳೇವು ಅದಾವಲ್ಲ, ತಗೊಂಡ ಬಾ," ಎಂದಷ್ಟೇ ಹೇಳಿದರು.

ಮಂಗಳವಾರ ಮಧ್ಯಾಹ್ನ ನಾನು ಬಂದದ್ದು ನೋಡಿ ಅಕ್ಕೋರು ಗಾಬರಿಯಾದರು. ವಿಷಯ ಹೇಳಿದೆ. ಅವರು ಕಪಾಟು ತೆರೆದು ತಿಂಗಳ ಪ್ರತಿಗಳನ್ನೆಲ್ಲ ಮೇಜಿನ ಮೇಲಿಟ್ಟರು. ಆಮೇಲೆ ನೋಟ್‌ಬುಕ್ಕನ್ನೂ ತಂದಿಟ್ಟರು.

"ಪ್ರತಿ ವಾರ ಓದಿ ನೋಡಿದೆ ಅಂತ ನೀನs ಬರದೀ."

"ಬರದೇನ್ರಿ."

"ನೋಡಿದ್ಯೋ?"

"ಇಲ್ರಿ ಅಕ್ಕೋರ. ಈ ವರ್ಷ ನೋಡಿಲ್ರಿ." ಆಮೇಲೆ, ನನ್ನನ್ನು ಉಳಿಸಿಕೊಳ್ಳಲು, "ನೋಡಿದ್ರೂ ಆ ಮಷೀನಿನಾಗ ಬರತಿದ್ವು ಅಂತ್ರಿ. ಗೊತ್ತಾಗ್ತಿದ್ದಿಲ್ಲಂತ್ರಿ," ಎಂದೆ.

"ಅದು ಬ್ಯಾರೆ ಮಾತು," ಎಂದರು ಅಕ್ಕೋರು. "ನೀ ಬರದದ್ದು ಬ್ಯಾರೆ ಮಾತು."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫ್ಲಾಪಿಗಳನ್ನು ಚೀಲಕ್ಕೆ ತುಂಬಿ ಕೊಟ್ಟು ಬಾಗಿಲು ಹಾಕಿಕೊಂಡರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಉಣಕಲ್ ಕೆರೆ ದಾಟುವಾಗ ಪಕ್ಕದ ಹೆಂಗಸು ಕೇಳಿದಳು, "ಯಾಕವಾ, ಯಾರರ ಹೋದ್ರೇನು?" ಇಲ್ಲವೆಂದು ತಲೆಯಾಡಿಸಿದೆ.

ಸೆಪ್ಟೆಂಬರ್ ಕೊನೆಯ ಶನಿವಾರದ ಪ್ರತಿ ಪೂರ್ತಿ ಓದಿಸಿಕೊಂಡಿತು. ಅಲ್ಲಿಂದ ಈಚಿನದು ಒಂದೂ ಇಲ್ಲ. ಏಳು ತಿಂಗಳ ಹೆಸರುಗಳು ಕಾಗದದ ಕಾರ್ಡುಗಳಲ್ಲಿ ಮಾತ್ರ ಉಳಿದಿದ್ದವು. ಕ್ಯಾಂಪುಗಳಿಂದ ಬಂದ ಆ ಕಾರ್ಡುಗಳು ಮಾಳಿಗೆಯ ಮೇಲೆ ಮೂಟೆ ಕಟ್ಟಿ ಬಿದ್ದಿದ್ದವು, ಯಾವ ಕ್ರಮವೂ ಇಲ್ಲದೆ.

ಡಾಕ್ಟರು ಫೋನಿನಲ್ಲಿ ತಿಳಿಸಿದ್ದರೇನೋ, ಬುಧವಾರ ಬೆಳಿಗ್ಗೆ ನಾನು ಬರುವ ಮೊದಲೇ ಅಕ್ಕೋರು ಬಂದು ಮೂಟೆ ಬಿಚ್ಚಿ ಕೂತಿದ್ದರು. ನನ್ನ ಮುಖ ನೋಡದೆ, "ನಾ ಓದ್ತೇನಿ, ನೀ ಟೈಪ್ ಹೊಡಿ," ಎಂದರು. ಹತ್ತು ಕಾರ್ಡು ಮುಗಿದಿರಲಿಲ್ಲ, ಆಸ್ಪತ್ರೆಯೊಂದರಿಂದ ಫೋನ್ ಬಂತು. ಹೆರಿಗೆಯಾದ ಹೆಣ್ಣುಮಗಳಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು, ಸಿಕ್ಕದ್ದೆಲ್ಲ ಹಾಕಿಯಾಗಿದೆ, ಇನ್ನೂ ಒಂದು ಬಾಟಲಿಯಾದರೂ ಬೇಕು. ನಮ್ಮ ಫ್ರಿಜ್ಜಿನಲ್ಲಿ ಇರಲಿಲ್ಲ. ಹಳೆಯ ಪಟ್ಟಿಯಲ್ಲಿದ್ದವರಿಗೆಲ್ಲ ಫೋನ್ ಮಾಡಿದೆ. ಒಬ್ಬರು ಊರಲ್ಲಿಲ್ಲ, ಒಬ್ಬರು ಹೋದ ತಿಂಗಳು ಕೊಟ್ಟಿದ್ದರು, ಒಂದು ನಂಬರ್ ಬೇರೆಯವರದಾಗಿತ್ತು.

ಅಕ್ಕೋರು ಕುಪ್ಪಸದ ತೋಳು ಮೇಲೇರಿಸಿ ಡಾಕ್ಟರ ಮುಂದೆ ಹೋಗಿ ನಿಂತರು. "ನಂದು ತಗೋರಿ."

"ನಿಮಗ ಅರವತ್ತೆರಡು, ಅಕ್ಕೋರ."

"ಗಟ್ಟಿ ಇದ್ದೇನಿ."

"ತಗೊಳ್ಳಾಕ ಬರೂದಿಲ್ಲ," ಎಂದರು ಡಾಕ್ಟರು, ಮೆಲ್ಲಗೆ. ಅಕ್ಕೋರು ವಾಪಸ್ಸು ಬಂದು ಮೂಟೆಯ ಹತ್ತಿರ ಕೂತು ಕಾರ್ಡುಗಳನ್ನು ಬೇಗ ಬೇಗ ತಿರುವತೊಡಗಿದರು.

ಆಗ ನನಗೊಬ್ಬರು ನೆನಪಾದರು. ಜನವರಿಯಲ್ಲಿ ಅಮರಗೋಳದ ಮಾರುಕಟ್ಟೆಯಲ್ಲಿ ಒಂದು ಕ್ಯಾಂಪ್ ಆಗಿತ್ತು. ಅಲ್ಲಿಂದ ಬಂದ ಓ ನೆಗೆಟಿವ್ ಕಾರ್ಡೊಂದರಲ್ಲಿ ಫೋನಿನ ಜಾಗದಲ್ಲಿ 'ಉಳ್ಳಾಗಡ್ಡಿ ಲೈನಿನಾಗ ಕೇಳ್ರಿ' ಎಂದು ಯಾರೋ ಬರೆದಿದ್ದರು. ಇವರನ್ನು ಕರೆಯುವುದು ಹೇಗೆ ಎಂದು ಯೋಚಿಸುತ್ತ ನಾನು ಆ ಹೆಸರನ್ನು ಹೊಡೆದದ್ದು ನೆನಪಿತ್ತು. ಹೆಸರು ನೆನಪಿತ್ತು, ಉದ್ಯೋಗ ಹಮಾಲಿ ಎಂದಿದ್ದದ್ದೂ ನೆನಪಿತ್ತು. ಸಂಜೆ ಮನೆಗೆ ಹೋದರೆ ಮಾತಾಡಲು ಯಾರೂ ಇಲ್ಲದವಳಿಗೆ ದಿನವಿಡೀ ಹೊಡೆದ ಹೆಸರುಗಳು ತಲೆಯಲ್ಲಿ ಉಳಿದುಬಿಡುತ್ತಿದ್ದವು.

ಆಟೋ ಹಿಡಿದು ಅಮರಗೋಳಕ್ಕೆ ಹೋದೆ. ಈರುಳ್ಳಿ ಮಾರುವ ಸಾಲಿನಲ್ಲಿ ಹೆಸರು ಹಿಡಿದು ಕೇಳಿದರೆ ಮೂರನೆಯವರೇ ತೋರಿಸಿದರು. ನಲವತ್ತರ ಆಸುಪಾಸಿನ, ತೆಳ್ಳಗಿನ ಮನುಷ್ಯ, ಬೆನ್ನ ಮೇಲೆ ಚೀಲ.

"ನೀವು ಕ್ಯಾಂಪಿನಾಗ ರಕ್ತ ಕೊಟ್ಟಿದ್ರಿ."

"ಹೌದ್ರಿ. ಏನರ ತಪ್ಪಾತೇನ್ರಿ?"

"ತಪ್ಪಾಗಿಲ್ರಿ. ಇನ್ನೊಮ್ಮೆ ಬೇಕಾಗೇತ್ರಿ. ಹಡದ ಹೆಣ್ಮಗಳಿಗೆ, ಈಗಿಂದೀಗ."

ಅವರು ಚೀಲ ಇಳಿಸಿದರು. "ಇನ್ನೂ ಉಂಡಿಲ್ರಿ. ಹಸದ ಹೊಟ್ಟೀಲೆ ಕೊಡಬಾರದು ಅಂತ ಅವತ್ತ ಹೇಳಿದ್ರಿ."

"ಉಣ್ರಿ. ನಾ ನಿಂದರ್ತೇನಿ."

ಗೋಣಿಚೀಲದ ಮೇಲೆ ಕೂತು ಬುತ್ತಿ ಬಿಚ್ಚಿದರು. ಎರಡು ರೊಟ್ಟಿ, ಬದನೆಕಾಯಿ ಪಲ್ಯ. ಅರ್ಧ ರೊಟ್ಟಿ ಮುರಿದು ನನ್ನ ಕಡೆ ಚಾಚಿದರು. "ತಗೋರಿ ಯಕ್ಕಾ, ಓಡಿ ಬಂದೀರಿ." ನಾನು ಬೇಡವೆನ್ನಲಿಲ್ಲ. ಇನ್ನೊಬ್ಬರ ಬುತ್ತಿಯಿಂದ ಉಂಡು ಎಷ್ಟು ವರ್ಷವಾಗಿತ್ತೋ.

ಆಟೋದಲ್ಲಿ ಬಂದು ಕೊಟ್ಟರು, ಒಂದು ಕಪ್ ಚಹಾ ಕುಡಿದು ಹೊರಟರು. ರಕ್ತ ತೆಗೆದುಕೊಂಡು ಹೋದವರ ಮುಂದಿನ ಸುದ್ದಿ ನಮಗೆ ಸಾಮಾನ್ಯವಾಗಿ ತಿಳಿಯುತ್ತಿರಲಿಲ್ಲ. ಈ ಸಲ ಡಾಕ್ಟರೇ ಫೋನ್ ಮಾಡಿ ಕೇಳಿದರು. ಶುಕ್ರವಾರ ಆ ಹೆಣ್ಣುಮಗಳು ಎದ್ದು ಕೂತಿದ್ದಾಳೆ ಎಂದು ಉತ್ತರ ಬಂತು.

ಏಳು ತಿಂಗಳ ಹೆಸರು ಮತ್ತೆ ಹೊಡೆಯಲು ಮೂರು ವಾರ ಹಿಡಿಯಿತು. ಅಕ್ಕೋರು ದಿನಾ ಧಾರವಾಡದಿಂದ ಬರುತ್ತಿದ್ದರು. ಅವರು ಓದುವುದು, ನಾನು ಹೊಡೆಯುವುದು. ನೋಟ್‌ಬುಕ್ಕಿನ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ, ಆದರೆ ಅದು ಇಬ್ಬರ ನಡುವೆ ಇತ್ತು. ಕೊನೆಯ ಮೂಟೆ ಮುಗಿದ ದಿನ ಅವರು ಚೀಲ ಹೆಗಲಿಗೇರಿಸಿಕೊಳ್ಳುತ್ತ ಹೇಳಿದರು:

"ಇನ್ನ ಮ್ಯಾಲ ಇಲ್ಲಿ ಓದಿ ನೋಡೂದು ಸಾಕಾಗೂದಿಲ್ಲ. ಬ್ಯಾರೆ ಮಷೀನಿನಾಗ ಓದಬೇಕು. ನಮ್ಮ ಮನೀ ಹಂತ್ಯಾಕ ಒಂದು ಕಂಪ್ಯೂಟರ್ ಕ್ಲಾಸ್ ಅದ. ಶನಿವಾರ ಇಬ್ಬರೂ ಹೋಗೂಣು."

ಹಾಗೆ ಮುಂದಿನ ಏಳೆಂಟು ವರ್ಷ ಪ್ರತಿ ಶನಿವಾರ ನಾವಿಬ್ಬರೂ ಮಾಳಮಡ್ಡಿಯ ರಸ್ತೆಯಲ್ಲಿ ನಡೆದು ಆ ಕ್ಲಾಸಿಗೆ ಹೋದೆವು. ನಾನು ಫ್ಲಾಪಿ ಹಾಕುವುದು, ಅವರು ಕನ್ನಡಕ ಏರಿಸಿ ಪರದೆ ನೋಡಿ, ಯಾವುದಾದರೂ ಮೂರು ಹೆಸರು ಗಟ್ಟಿಯಾಗಿ ಓದುವುದು. ಆಮೇಲೆ ಅವರೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಬರುವಾಗ ತರಕಾರಿ ಕೊಳ್ಳುತ್ತಿದ್ದೆವು. ಹಾದಿಯಲ್ಲಿ ಅವರು ಗಿಡಗಳ ಹೆಸರು ಹೇಳುತ್ತಿದ್ದರು. ನನ್ನ ಗಂಡನ ಬಗ್ಗೆ ಒಂದೇ ಸಲ ಕೇಳಿದರು. "ಹೊಡೀತಿದ್ದನೇನು?" "ಇಲ್ರಿ. ಮಾತಾಡ್ತಿದ್ದಿಲ್ರಿ. ನಾಕು ವರ್ಷ." ಅವರು ಹೂಂ ಎಂದು ಸ್ವಲ್ಪ ದೂರ ನಡೆದು, "ಅದೂ ಕಡಿಮಿ ಅಲ್ಲ," ಎಂದರು.

ಫ್ಲಾಪಿ ಹೋಗಿ ಸಿಡಿ ಬಂತು. ಆರರ ಬದಲು ಒಂದೇ ಸಾಕಾಯಿತು. ಊರಿನ ಫೋನ್ ನಂಬರುಗಳಿಗೆಲ್ಲ ಮುಂದೆ ಒಂದು ಅಂಕಿ ಸೇರಿತು, ಪಟ್ಟಿಯನ್ನೆಲ್ಲ ತಿದ್ದಿದೆ. ಡಾಕ್ಟರು ನಿವೃತ್ತರಾದರು. ಟ್ರಸ್ಟಿನವರು ಬ್ಲಡ್ ಬ್ಯಾಂಕನ್ನು ದೊಡ್ಡದೊಂದು ಆಸ್ಪತ್ರೆಗೆ ಒಪ್ಪಿಸಿದರು. ಹೊಸ ಮ್ಯಾನೇಜರು ಒಂದು ಶುಕ್ರವಾರ ನಾನು ಸಿಡಿ ಬರೆಯುತ್ತಿದ್ದುದನ್ನು ಕಂಡು ನಕ್ಕರು. "ಮೇಡಂ, ಎಲ್ಲಾ ಇಂಟರ್ನೆಟ್ ಮ್ಯಾಲ ತಾನs ಬ್ಯಾರೆ ಊರಿನ ಮಷೀನಿಗೆ ಹೊಕ್ಕೈತ್ರಿ. ನೀವು ಇನ್ನ ಎಲ್ಲೂ ಒಯ್ಯೂದು ಬ್ಯಾಡ್ರಿ." ಒಳ್ಳೆಯ ಮನುಷ್ಯ. ನನ್ನ ಹೊರೆ ಇಳಿಸಿದೆ ಎಂದುಕೊಂಡಿದ್ದರು.

ಆ ಶನಿವಾರ ನಾನು ಹೋಗಲಿಲ್ಲ. ಕೈಯಲ್ಲಿ ಏನೂ ಇಲ್ಲದೆ ಆ ಮನೆಯ ಬಾಗಿಲಿಗೆ ಹೋಗಿ ನಿಂತರೆ ಏನೆಂದು ಹೇಳುವುದು? ಹೊಸಬರು ಅವರಿಗೂ ತಿಳಿಸಿರಬೇಕು, ಅವರಿಗೂ ಒಂದು ಕೆಲಸ ಕಡಿಮೆಯಾದಂತಾಗಿರಬೇಕು ಎಂದು ಅಂದುಕೊಂಡೆ. ಅರ್ಧ ದಿನದ ಕೆಲಸ ಮುಗಿಸಿ ಖೋಲಿಗೆ ಬಂದು ಬಾಗಿಲು ಹಾಕಿಕೊಂಡೆ. ಎರಡನೆಯ ಶನಿವಾರವೂ ಅಷ್ಟೇ. ಮೂರನೆಯ ಶನಿವಾರ ಬಸ್ ನಿಲ್ದಾಣದವರೆಗೆ ಹೋಗಿ, ಧಾರವಾಡದ ಬಸ್ಸು ಬಂದು ಹೋಗುವುದನ್ನು ನೋಡಿ ತಿರುಗಿ ಬಂದೆ.

ಸೋಮವಾರ ಆಫೀಸಿನ ಫೋನ್ ಎತ್ತಿದರೆ ಅಕ್ಕೋರ ದನಿ.

"ಮೂರು ವಾರದ ಪ್ರತಿ ಬಂದಿಲ್ಲ. ಆರಾಮ ಇಲ್ಲೇನು ನಿನಗ?"

ಅವರಿಗೆ ಯಾರೂ ಹೇಳಿರಲಿಲ್ಲ. ನಾನೇ ಹೇಳಿದೆ.

"ಹಂಗಾದ್ರ ನೀ ಬರೂದಿಲ್ಲ," ಎಂದರು. ಅದು ಪ್ರಶ್ನೆಯೋ ಅಲ್ಲವೋ ತಿಳಿಯಲಿಲ್ಲ.

"ಬರ್ತೇನ್ರಿ."

"ಯಾಕ?"

"ಸುಮ್ನ, ಅಕ್ಕೋರ."

"ಬಾ ಹಂಗಾರ," ಎಂದು ಫೋನ್ ಇಟ್ಟರು.

ಹೀಗೆ ಇನ್ನೊಂದೂವರೆ ವರ್ಷ ಬರಿಗೈಯಲ್ಲಿ ಹೋದೆ. ಆಮೇಲೆ ಅವರಿಗೆ ಮೊಣಕಾಲು ಸೋತು, ಪುಣೆಯಲ್ಲಿದ್ದ ತಂಗಿಯ ಮಗಳು ತನ್ನಲ್ಲಿಗೆ ಕರೆದೊಯ್ಯಲು ಬಂದಳು. ಮನೆ ಖಾಲಿ ಮಾಡುವಾಗ ಕಪಾಟಿನ ತುಂಬ ತಿಂಗಳ ಪ್ರತಿಗಳು. ಏನು ಮಾಡಲಿ ಎಂದು ಮ್ಯಾನೇಜರನ್ನು ಕೇಳಿದೆ. ಜನರ ಹೆಸರು ನಂಬರು ಇರುವಂಥವು ಹೊರಗೆ ಬೀಳಬಾರದು, ಮುರಿದುಬಿಡಿ ಎಂದರು. ಕೊನೆಯ ಶನಿವಾರ ಇಬ್ಬರೂ ಕಟ್ಟೆಯ ಮೇಲೆ ಕೂತು ಮುರಿದೆವು. ಫ್ಲಾಪಿಯ ತಗಡು ಕಿತ್ತು, ಒಳಗಿನ ಕಂದು ಹಾಳೆ ಎಳೆದು, ಕತ್ತರಿಯಿಂದ ನಾಲ್ಕು ತುಂಡು. ಮಧ್ಯಾಹ್ನ ಪೂರ್ತಿ ಹಿಡಿಯಿತು. ಅಕ್ಕೋರು ಒಂದೊಂದರ ಮೇಲಿನ ತಾರೀಖು ಓದಿಯೇ ಕತ್ತರಿಸುತ್ತಿದ್ದರು. ಹೊರಟಾಗ ನನ್ನ ಬೆನ್ನ ಮೇಲೆ ಕೈಯಿಟ್ಟರು. ಅದೊಂದೇ ಸಲ.

ಪುಣೆಯಿಂದ ಎರಡು ಪತ್ರ ಬಂದವು. ಎರಡನೆಯದಕ್ಕೆ ನಾನು ಬರೆದ ಉತ್ತರಕ್ಕೆ ತಂಗಿಯ ಮಗಳ ಉತ್ತರ ಬಂತು. ಅಕ್ಕೋರು ಆಸ್ಪತ್ರೆಯಲ್ಲಿ ಎರಡೇ ದಿನ ಇದ್ದರಂತೆ.

ಭಾನುವಾರ ಆ ಪತ್ರ ಹಿಡಿದು ಖೋಲಿಯ ಹೊರಗೆ ಕೂತಿದ್ದೆ. ಎದುರು ಮನೆಯ ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿ ಕೇಳಿದಳು, "ಏನು ಸುದ್ದಿ ತಂಗಿ?"

"ಧಾರವಾಡದಾಗ ಒಬ್ಬರು ಇದ್ರು ಅಜ್ಜೀ. ತೀರಿಕೊಂಡ್ರಂತ."

"ನಿಮ್ಮವರೇನವಾ?"

ಪತ್ರ ಮಡಚಿದೆ. "ಹೌದ್ರಿ," ಎಂದೆ. "ನಮ್ಮವರು."

ಅಜ್ಜಿ ಮೊರ ಕೆಳಗಿಟ್ಟು, ನನ್ನ ಪಕ್ಕ ಬಂದು ಕೂತಳು.